ಹೆಗಲ ಮೇಲಿನ ಅಕ್ಷರ

ಉದ್ಯಮಬಾಗದ ನಮ್ಮ ಶೆಡ್ಡಿಗೆ
ನಾನೇ ಕಡೆದ ಶಾಫ್ಟು ಟೆಂಪೋದಲ್ಲಿ ವಾಪಸು ಬಂತು,
ಎರಡು ತುಂಡಾಗಿ, ಗೋಣಿತಾಟು ಹೊದ್ದು.
ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯದು.
ಕಬ್ಬು ಕೊಚ್ಚುವ ಚೂರಿಗಳ ಹೊತ್ತು ತಿರುಗುತ್ತಿತ್ತು.
"ರಾತ್ರಿ ಎರಡಕ್ಕ, ಒಮ್ಮೆಲೇ, ಕಟ್ ಅಂತ ಮುರೀತ್ರಿ"
ಎಂದ ಡ್ರೈವರ್, ಸತ್ತವರ ಸುದ್ದಿ ತಂದವನ ಹಾಗೆ
ಟೊಪ್ಪಿಗೆ ತೆಗೆದು.

"ಒಮ್ಮೆಲೇ ಅಲ್ಲ"
ಎಂದಳು ಟೆಸ್ಟಿಂಗ್ ಲ್ಯಾಬಿನ ಖೈರುನ್ನಿಸಾ ಮುಲ್ಲಾ.
ಮುರಿದ ಮುಖವನ್ನು ಮೆತ್ತಗೆ ತೊಳೆದು
ಬ್ಯಾಟರಿ ಬೆಳಕು ಓರೆಯಾಗಿ ಹಿಡಿದು,
"ಕೈ ಹಚ್ಚಬ್ಯಾಡ್ರಿ. ಮೊದಲ ಓದೂಣು."

ಓದಿದಳು.
ಒಂದು ಅಂಚಿನಿಂದ ಹೊರಟ ಗೆರೆಗಳು,
ಬೇಸಿಗೆಯಲ್ಲಿ ಘಟಪ್ರಭೆ ಇಳಿಯುತ್ತ ಇಳಿಯುತ್ತ
ದಂಡೆಯ ಕೆಸರಲ್ಲಿ ಬಿಟ್ಟುಹೋದಂಥವು,
ಒಂದರ ಹಿಂದೊಂದು ಬಾಗಿ.
ಗಿರಣಿ ನಿಂತಾಗೆಲ್ಲ ಒಂದು ಗೆರೆಯಂತೆ.
ಇದು ಬಾಯ್ಲರ್ ಕೆಟ್ಟ ದಿನ.
ಇದು ಕಬ್ಬಿನ ದರಕ್ಕಾಗಿ ಗೇಟಿಗೆ
ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ ನಾಲ್ಕು ದಿನ.
ಈ ಕಂದು ಪಟ್ಟಿ ತುಕ್ಕು: ಹಂಗಾಮು ಮುಗಿದು
ಮಳೆಗಾಲವಿಡೀ ಸುಮ್ಮನೆ ಮಲಗಿದ್ದು,
ಒಳಗೆ ಬಾಯಿ ತೆರೆದುಕೊಂಡು.
ಆಮೇಲೆ ಮತ್ತೆ ಹೊಳೆಯುವ ಗೆರೆಗಳು.
ಕೊನೆಗೆ ಅಂಗೈಯಷ್ಟು ಜಾಗ,
ಒಡೆದ ಬೆಲ್ಲದ ಪೆಂಟೆಯ ಹಾಗೆ ಹರಳು ಹರಳು.
ರಾತ್ರಿ ಎರಡಕ್ಕೆ ಮುರಿದದ್ದು ಅದಷ್ಟೇ.

ಭಾರ ಹೆಚ್ಚಿರಲಿಲ್ಲ. ಉಕ್ಕು ಖೋಟಾ ಅಲ್ಲ.
ನಿಮಿಷಕ್ಕೆ ಆರುನೂರು ಸುತ್ತು,
ಸುತ್ತಿಗೊಮ್ಮೆ ಮೈಯ ಪ್ರತಿ ನಾರೂ
ಹಿಗ್ಗಬೇಕು, ಕುಗ್ಗಬೇಕು,
ಹಂಗಾಮಿಗೆ ಹತ್ತು ಕೋಟಿ ಸಲ.
ಅದನ್ನೂ ತಾಳಿಕೊಳ್ಳುತ್ತದೆ,
ದಾರಿ ನುಣುಪಾಗಿದ್ದರೆ.
ಎಲ್ಲೋ ಒಂದು ಮೂಲೆ ಸಿಕ್ಕಿತೋ,
ಶಿಫ್ಟು ಬಿಟ್ಟ ಹೊತ್ತು ಮೂರನೇ ಗೇಟಿನಲ್ಲಿ
ಸೈಕಲ್ಲು ಸೈಕಲ್ಲಿಗೆ ಹೆಣೆದುಕೊಳ್ಳುವಂತೆ
ಮೈಯೆಲ್ಲದರ ಒತ್ತಡ ಅಲ್ಲಿಗೇ ಬಂದು ನೂಕುತ್ತದೆ.

ಮೂಲೆ ಬಿಟ್ಟವನಲ್ಲ ನಾನು, ಎಂದೆ.
ಹೆಗಲಿಗೆ ಮೂರು ಮಿಲಿಮೀಟರ್ ರೇಡಿಯಸ್ಸು,
ಟೂಲು ಎರಡು ಸಲ ಮಸೆದು ಕೊಟ್ಟದ್ದು.
ಗೇಜು ಇಟ್ಟು ನೋಡ್ರಿ.
ಇಟ್ಟು ನೋಡಿದಳು. ಬೆಳಕು ನುಸುಳಲಿಲ್ಲ.
ಫೋರ್‌ಮನ್ ಪರಶರಾಮ ಕಾಕತಕರ
ನನ್ನ ಬೆನ್ನು ತಟ್ಟಿದ.

ಆಕೆ ಮಾತ್ರ ಗೆರೆಗಳ ಹಿಡಿದು
ಹಿಂದೆ ಹಿಂದೆ ಹೋದಳು, ಅವು ಹುಟ್ಟಿದಲ್ಲಿಗೆ.
ಮಾತಾಡದೆ ಲೆನ್ಸು ನನ್ನ ಕೈಗಿಟ್ಟಳು.

ವಿ.
ಇಂಗ್ಲಿಷಿನ ವಿ. ವಿದ್ಯಾಧರ ಉಪಾಧ್ಯೆಯ ವಿ.
ಹೆಗಲು ತಿರುಗುವಲ್ಲೇ, ನಾಲ್ಕು ಮಂದಿಗೆ ಕಾಣಲೆಂದು
ಪಂಚು ಇಟ್ಟು ಎರಡೇ ಏಟಿಗೆ ಹೊಡೆದದ್ದು.
ಆ ತಿಂಗಳು ಮನಸ್ಸಿಗೆ ಬಂದ ಕೆಲಸ ಅದೊಂದೇ.
ಎರಡು ಗೆರೆ ಕೂಡುವ ಚೂಪು ತುದಿಯಿಂದ
ಕೂದಲಿಗಿಂತ ಸಣ್ಣದು ಏನೋ
ಒಳಗೆ ನಡೆದುಹೋಗಿತ್ತು.

ಯಾರೂ ಬೈಯಲಿಲ್ಲ.
ಕಾಕತಕರ ಚಹಾ ತರಿಸಿದ, ಡ್ರೈವರನಿಗೂ.
ರಿಪೋರ್ಟಿನಲ್ಲಿ ಆಕೆ ಬರೆದದ್ದು
"ಬಿರುಕಿನ ಉಗಮ: ಗುರುತಿನ ಅಕ್ಷರ",
ಯಾವ ಅಕ್ಷರ ಎಂದು ಬರೆಯಲಿಲ್ಲ.
ಚಹಾ ಆರುವವರೆಗೆ ನಾನು
ಬಸಿ ಹಿಡಿದೇ ಕೂತಿದ್ದೆ.

ಹೊಸ ಶಾಫ್ಟು ಮೂರು ದಿನಕ್ಕೆ ಆಯಿತು.
ಹೆಗಲ ಸುತ್ತ ಉಗುರು ಆಡಿಸಿದೆ, ಎಲ್ಲೂ ತಡೆಯಲಿಲ್ಲ.
ಪಂಚಿನ ಪೆಟ್ಟಿಗೆ ತೆರೆದು ಮುಚ್ಚಿದೆ:
ಇಪ್ಪತ್ತಾರು ಅಕ್ಷರ, ಎಷ್ಟೊಂದು ಮೂಲೆ!
ಹೊರಗೆ ಟೆಂಪೋ ಹಾರ್ನು.
ತುದಿಯ ಚಪ್ಪಟೆ ಮುಖದಲ್ಲಿ, ಭಾರ ಹಾಯದ ಕಡೆ,
ಬಿಳಿ ಬಣ್ಣಕ್ಕೆ ಕುಂಚ ಅದ್ದಿ
ಕನ್ನಡದ ವ ಬರೆದೆ,
ಪಾಟಿಯ ಮೇಲೆ ತಿದ್ದಿದಂತೆ, ಸುತ್ತಿ, ಮತ್ತೆ ಸುತ್ತಿ.
ಒಣಗುವ ಮೊದಲೇ ತಾಟು ಹೊದಿಸಿದರು.
ಅರ್ಧ ಅದಕ್ಕೇ ಹತ್ತಿರಬೇಕು.